ಇಪ್ಪತ್ತಮೂರು ಏಟು

ಬ್ರೈನೆಗೆ ಓದು ಬರಹ ಅಷ್ಟಾಗಿ ಬರುತ್ತಿರಲಿಲ್ಲ, ಆದರೆ ಎಣಿಕೆ ತಪ್ಪುತ್ತಿರಲಿಲ್ಲ. ರಷ್ಯದ ಲಿಪೋವ್ಕ ಎಂಬ ಊರಿನಲ್ಲಿ ಅವಳ ತಾಯಿ ಹೆಬ್ಬಾತುಗಳ ಪುಕ್ಕ ಕಿತ್ತು ದಿಂಬು ತುಂಬಿ ಕೊಡುತ್ತಿದ್ದಳು. ಒಂದು ದಿಂಬಿಗೆ ಎಷ್ಟು ಹಿಡಿ, ಮದುವೆ ಹಾಸಿಗೆಗೆ ಎಷ್ಟು ಹಿಡಿ ಎಂದು ಎಣಿಸುತ್ತಲೇ ಬ್ರೈನೆ ದೊಡ್ಡವಳಾದಳು. ಹತ್ತೊಂಬತ್ತಕ್ಕೆ ಪೀಪಾಯಿ ಮಾಡುವ ಕಲ್ಮನ್‌ಗೆ ಅವಳನ್ನು ಕೊಟ್ಟರು.

ಕಲ್ಮನ್‌ನ ಮನೆ ಎಂದರೆ ಎರಡು ಕೋಣೆ. ಮುಂದಿನದು ಕೆಲಸದ್ದು, ಹಿಂದಿನದು ಒಲೆ ಮತ್ತು ಹಾಸಿಗೆಯದು. ನಡುವೆ ಹಲಗೆಯ ಗೋಡೆ. ಅವನು ಆಚೆ ಪೀಪಾಯಿಯ ಹಲಗೆಗಳನ್ನು ಜೋಡಿಸಿ ಕಬ್ಬಿಣದ ಬಳೆ ತೊಡಿಸಿ ಸುತ್ತಿಗೆಯಿಂದ ಹೊಡೆಯುತ್ತಿದ್ದರೆ ಇವಳು ಈಚೆ ಏಟು ಎಣಿಸುತ್ತಿದ್ದಳು. ಒಂದು ಬಳೆ ಕೂರಲು ಮೂವತ್ತು ಏಟು ಬೇಕು. ಮೂವತ್ತನೆಯದು ಬಿದ್ದರೆ ತಟ್ಟೆಗೆ ಸಾರು ಬೀಳುತ್ತಿತ್ತು.

"ಇವತ್ತು ಮೂವತ್ತೆರಡು ಹೊಡೆದ್ರಿ," ಎನ್ನುತ್ತಿದ್ದಳು.

"ಮರ ಹಸಿ ಇತ್ತು ಕಣೇ."

"ನನ್ನ ಸಾರು ಆರಿಹೋಯ್ತು."

"ಬಳೆ ಕೂರ್ಲಿ ಅಂತ ನಾನು ಹೊಡೆದ್ರೆ ನೀನು ಅದನ್ನ ಊಟದ ಗಂಟೆ ಮಾಡ್ಕೊಂಡಿದೀಯಲ್ಲ!" ಎಂದು ಅವನು ನಗುತ್ತಿದ್ದ. ಕಲ್ಮನ್ ನಕ್ಕರೆ ಗಡ್ಡದಲ್ಲಿ ಸಿಕ್ಕಿಕೊಂಡ ಮರದ ಹೊಟ್ಟು ಉದುರುತ್ತಿತ್ತು.

ಅವನಿಗೆ ಒಬ್ಬನೇ ತಮ್ಮ, ಝೆಲಿಗ್. ಎತ್ತಿನಂಥ ಆಳು, ಮುಂಗೋಪಿ. ಝಾರ್‌ನ ಸೈನ್ಯದಿಂದ ಕರೆ ಬಂದ ವರ್ಷ ಅಮೆರಿಕಕ್ಕೆ ಓಡಿಹೋದ. ಹೊರಡುವ ಬೆಳಿಗ್ಗೆ ಬಾಗಿಲಲ್ಲಿ ನಿಂತು ಬ್ರೈನೆಗೆ ಒಂದೇ ಮಾತು ಹೇಳಿದ. "ಅತ್ತಿಗೆ, ಅಣ್ಣನ್ನ ನೋಡ್ಕೋ. ಅವನಿಗೆ ಓಡೋಕೆ ಬರಲ್ಲ, ನಿಲ್ಲೋಕೆ ಮಾತ್ರ ಬರೋದು."

ಮದುವೆಯಾಗಿ ಐದನೆಯ ವರ್ಷ ಗಂಡು ಮಗು ಹುಟ್ಟಿತು. ಆಶೆರ್ ಎಂದು ಹೆಸರಿಟ್ಟರು. ಏಳು ತಿಂಗಳಿಗೆ ಕೆಳಗಿನ ಎರಡು ಹಲ್ಲು ಮೂಡಿದವು. ಹಲ್ಲು ಬರುವ ನೋವಿಗೆ ಮಗು ಹಗಲೆಲ್ಲ ಅಳುತ್ತಿತ್ತು.

ಅದು ಸಾವಿರದ ಒಂಬೈನೂರ ಐದನೆಯ ಇಸವಿಯ ಶರತ್ಕಾಲ. ಝಾರ್ ಏನೋ ಒಂದು ಕಾಗದ ಹೊರಡಿಸಿದ, ಜನಕ್ಕೆ ಸ್ವಾತಂತ್ರ್ಯ ಬಂತು ಎಂದು ರೈಲು ನಿಲ್ದಾಣದಿಂದ ಸುದ್ದಿ ಬಂತು. ಅದರ ಮಾರನೆಯ ದಿನವೇ ಇನ್ನೊಂದು ಸುದ್ದಿ ಬಂತು, ಯಹೂದಿಗಳನ್ನು ಮೂರು ದಿನ ಹೊಡೆಯಲು ಅಪ್ಪಣೆಯಾಗಿದೆ ಎಂದು. ಅಂಥ ಅಪ್ಪಣೆಯನ್ನು ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ಗುರುವಾರ ಬೆಳಿಗ್ಗೆ ಬ್ರೈನೆ ನೀರಿಗೆ ಹೋದಾಗ ಬೀದಿಯ ಕ್ರೈಸ್ತರ ಮನೆ ಬಾಗಿಲುಗಳ ಮೇಲೆಲ್ಲ ಸೀಮೆಸುಣ್ಣದ ಶಿಲುಬೆ ಇತ್ತು, ಕಿಟಕಿಗಳಲ್ಲಿ ದೇವರ ಪಟ ಇತ್ತು. ಶಿಲುಬೆ ಇಲ್ಲದ ಬಾಗಿಲುಗಳನ್ನು ಅವಳು ಎಣಿಸುತ್ತ ಬಂದಳು. ಹನ್ನೊಂದನೆಯದು ತನ್ನ ಮನೆಯದು.

ಮಧ್ಯಾಹ್ನಕ್ಕೆ ಪೇಟೆಯ ಕಡೆಯಿಂದ ಗಾಜು ಒಡೆಯುವ ಸದ್ದು ಬಂತು. ಆಮೇಲೆ ಗಾಳಿಯಲ್ಲಿ ಪುಕ್ಕ ಬಂತು. ದಿಂಬು ಹಾಸಿಗೆಗಳನ್ನು ಸೀಳಿ ಮಹಡಿಗಳಿಂದ ಸುರಿಯುತ್ತಿದ್ದರು. ಬೀದಿಯೆಲ್ಲ ಬೆಳ್ಳಗಾಯಿತು. ಆ ಪುಕ್ಕದಲ್ಲಿ ತನ್ನ ತಾಯಿ ಕಿತ್ತದ್ದೂ ಇರುತ್ತದೆ ಎಂದು ಬ್ರೈನೆಗೆ ಅನಿಸಿತು.

ಹಿಂದಿನ ಬಾಗಿಲಾಚೆ ತರಕಾರಿ ತೋಟ, ಅದರಾಚೆ ಹೊಳೆ. ಓಡಬಹುದಿತ್ತು. ಆದರೆ ತೋಟದ ಬೇಲಿಯ ಹತ್ತಿರ ಪಕ್ಕದ ಮನೆಯ ಮುದುಕನನ್ನು ಕೆಳಗೆ ಕೆಡವಿ ನಾಲ್ವರು ತುಳಿಯುತ್ತಿದ್ದುದು ಕಿಟಕಿಯಿಂದ ಕಾಣುತ್ತಿತ್ತು. ಒಬ್ಬನೇ ಗಂಡಸಾದರೆ ಬಗ್ಗಿಕೊಂಡು ತಪ್ಪಿಸಿಕೊಳ್ಳಬಹುದಿತ್ತೇನೋ. ಅಳುವ ಮಗುವಿನ ಜೊತೆ ಆಗುತ್ತಿರಲಿಲ್ಲ.

ಕೆಲಸದ ಕೋಣೆಯ ನಡುವೆ ನಲವತ್ತು ಬಕೆಟ್ ಹಿಡಿಯುವ ದೊಡ್ಡ ಪೀಪಾಯಿ ನಿಂತಿತ್ತು. ಹೊಳೆಯಾಚೆಯ ಹಳ್ಳಿಯ ಟ್ರೋಖಿಮ್ ಎಲೆಕೋಸು ಹುಳಿ ಹಾಕಲೆಂದು ಮಾಡಿಕೊಡಲು ಹೇಳಿದ್ದ ಪೀಪಾಯಿ. ಎರಡು ಬಳೆ ಕೂತಿದ್ದವು, ಎರಡು ಬಾಕಿ. ಕಲ್ಮನ್ ಹೆಂಡತಿಯನ್ನು ಎತ್ತಿ ಅದರೊಳಗೆ ಇಳಿಸಿದ, ಮಗುವನ್ನು ಅವಳ ತೊಡೆಯ ಮೇಲಿಟ್ಟ.

"ಮಗು ಅಳುತ್ತೆ," ಎಂದಳು ಬ್ರೈನೆ.

"ಅಳ್ಲಿ. ನಾನು ಬಳೆ ಹೊಡೀತಾ ಇರ್ತೀನಿ. ಆ ಸದ್ದಲ್ಲಿ ಯಾರಿಗೂ ಕೇಳಲ್ಲ."

"ನೀವು?"

"ನನ್ನದು ಕೆಲಸ. ಕೆಲಸ ಮಾಡೋನನ್ನ ಏನು ಮಾಡ್ತಾರೆ?" ಎಂದು ಮುಚ್ಚಳ ಹಾಕಿದ.

ಪೀಪಾಯಿಯ ಹೊಟ್ಟೆಯಲ್ಲಿ ಬಿರಡೆಗೆಂದು ಕೊರೆದ ಒಂದು ತೂತಿತ್ತು. ಅದರಿಂದ ಅವಳಿಗೆ ಗಂಡ ಸೊಂಟಕ್ಕೆ ಕಟ್ಟಿದ ಚರ್ಮದ ಮುಂಗವುಸು, ಅವನ ಒಂದು ಕೈ, ಬಾಗಿಲಿನ ಕೆಳಗಿನ ಅರ್ಧ ಕಾಣುತ್ತಿತ್ತು. ಮೊದಲ ಏಟು ಬಿದ್ದಾಗ ಗಂಟೆಯೊಳಗೆ ಕೂತ ಹಾಗಾಯಿತು. ಮಗು ಬಾಯಿ ತೆರೆದು ಅಳುತ್ತಿತ್ತು, ಆದರೆ ಅಳು ಅವಳಿಗೇ ಕೇಳುತ್ತಿರಲಿಲ್ಲ. ಬಿಸಿ ಉಸಿರು ಮಾತ್ರ ಕುತ್ತಿಗೆಗೆ ಬಡಿಯುತ್ತಿತ್ತು.

ಬಾಗಿಲು ಒದ್ದು ಐವರು ಒಳಗೆ ಬಂದರು. ಮುಂದಿನವನ ಬೂಟು ಅವಳಿಗೆ ಗುರುತಿತ್ತು, ಬಲಗಾಲಿನ ಬೂಟಿಗೆ ತಂತಿ ಸುತ್ತಿತ್ತು. ಟ್ರೋಖಿಮ್. ಕೈಯಲ್ಲಿ ಕೊಡಲಿ ಇತ್ತು.

"ಏನು ಕಲ್ಮನ್, ಊರೆಲ್ಲ ಹಬ್ಬ ಮಾಡ್ತಾ ಇದೆ, ನೀನು ಕೆಲಸ ಮಾಡ್ತಾ ಇದೀಯ?"

ಕಲ್ಮನ್ ಹೊಡೆಯುವುದನ್ನು ನಿಲ್ಲಿಸಲಿಲ್ಲ. ಏಟಿನ ನಡುವೆ ಮಾತಾಡಿದ. "ನಿಂದೇ ಪೀಪಾಯಿ, ಟ್ರೋಖಿಮ್. ಇನ್ನೂ ಬಳೆ ಕೂತಿಲ್ಲ. ಸ್ವಲ್ಪ ತಾಳು."

"ತಾಳಬೇಕಂತೆ!" ಎಂದು ಹಿಂದಿನವನೊಬ್ಬ ನಕ್ಕ. "ಹೆಂಡ್ತಿ ಎಲ್ಲೋ?"

"ತೌರಿಗೆ ಹೋಗಿದಾಳೆ."

ಏಟು ಮತ್ತು ಏಟಿನ ನಡುವೆ ಒಂದು ಸಂದು ಇರುತ್ತದೆ. ಆ ಸಂದಿನಲ್ಲಿ ಮಗುವಿನ ಅಳು ಹೊರಗೆ ಹೋದರೆ? ಬ್ರೈನೆ ಬಲಗೈಯನ್ನು ಮಗುವಿನ ಬಾಯಿಗೆ ಒತ್ತಿದಳು. ಮಗು ಅವಳ ಅಂಗೈ ಕಚ್ಚಿತು. ಎರಡು ಹಲ್ಲು ಊರಿದವು. ಅವಳು ಇನ್ನೂ ಒತ್ತಿದಳು. ಸಣ್ಣ ಕಾಲುಗಳು ಅವಳ ಹೊಟ್ಟೆಯನ್ನು ಒದೆಯುತ್ತಿದ್ದವು. ಒದ್ದವು, ಒದ್ದವು, ಆಮೇಲೆ ಕೆಳಗೆ ಬಿದ್ದವು. ಅಂಗೈಗೆ ಬಡಿಯುತ್ತಿದ್ದ ಬಿಸಿ ನಿಂತಿತು. ಅವಳು ಕೈ ತೆಗೆದು ಮಗುವಿನ ಬಾಯಿಗೆ ತನ್ನ ಬಾಯಿ ಇಟ್ಟು ಊದಿದಳು. ಏನೂ ಇಲ್ಲ.

ಆಚೆ ಸುತ್ತಿಗೆ ಬೀಳುತ್ತಲೇ ಇತ್ತು. ಅಭ್ಯಾಸ ಎಂಬುದು ಎಂಥದೆಂದರೆ, ಮಗು ತೊಡೆಯ ಮೇಲೆ ಸತ್ತು ಬಿದ್ದಿರುವಾಗಲೂ ಅವಳೊಳಗೆ ಯಾರೋ ಎಣಿಸಲು ಶುರುಮಾಡಿದರು. ಒಂದು. ಎರಡು. ಮೂರು. ನಿಲ್ಲಿಸಿ, ಓಡಿ ಎಂದು ಕೂಗಬೇಕು. ಕೂಗಿದರೆ ಅವರಿಗೆ ಕೇಳುತ್ತದೆ. ಅವಳು ಕೂಗಲಿಲ್ಲ. ಎಣಿಸಿದಳು.

"ಸಾಕು ನಿಲ್ಸೋ, ತಲೆ ನೋಯ್ತಾ ಇದೆ!" ಎಂದು ಯಾರೋ ಅರಚಿದ.

"ಈ ಬಳೆ ಒಂದು," ಎಂದ ಕಲ್ಮನ್.

ಇಪ್ಪತ್ತೊಂದು. ಇಪ್ಪತ್ತೆರಡು. ಇಪ್ಪತ್ತಮೂರನೆಯ ಏಟಿಗೆ ಕೊಡಲಿ ಅವನ ಹೆಗಲಿಗೆ ಬಿತ್ತು. ಅವನು ಕೂತ. ಕೂತವನು ಎಡಗೈಗೆ ಸುತ್ತಿಗೆ ತೆಗೆದುಕೊಂಡು ಎತ್ತಲು ನೋಡಿದ. ಆಗ ಇನ್ನೊಬ್ಬ ಗೋಡೆಗೆ ಸಿಕ್ಕಿಸಿದ್ದ ಅವನದೇ ಬಾಚಿಯನ್ನು ಎಳೆದು ಅವನ ತಲೆಗೆ ಹೊಡೆದ. ಮೂರು ಸಲ. ಪೀಪಾಯಿಯ ತೂತಿನಿಂದ ಒಳಗೆ ಏನೋ ಬೆಚ್ಚಗೆ ಬ್ರೈನೆಯ ಕೆನ್ನೆಗೆ ಸಿಡಿಯಿತು.

ಹಾಸಿಗೆ, ತಾಮ್ರದ ಪಾತ್ರೆ, ಮಗುವಿನ ತೊಟ್ಟಿಲು ಎಲ್ಲ ಹೊತ್ತರು. ಟ್ರೋಖಿಮ್ ತನ್ನ ಪೀಪಾಯಿಯನ್ನು ವಾಲಿಸಲು ನೋಡಿದ. ಭಾರ. ಬಗ್ಗಿ ತೂತಿಗೆ ಕಣ್ಣಿಟ್ಟ. ಬೂದು ಬಣ್ಣದ ಕಣ್ಣು ಒಂದು ಗೇಣಿನಾಚೆ ಬ್ರೈನೆಯನ್ನು ನೋಡಿತು. ಅವಳೂ ನೋಡಿದಳು.

"ಏನಿದೆ ಅದ್ರಲ್ಲಿ?" ಎಂದು ಕೇಳಿದ ಬಾಚಿ ಹಿಡಿದವನು.

"ಸುಣ್ಣ," ಎಂದ ಟ್ರೋಖಿಮ್. "ಸುಣ್ಣ ತುಂಬಿ ಕೆಡಿಸಿದಾನೆ ಬಡ್ಡಿಮಗ. ನಡೀರಿ."

ಅವನು ಹಾಗೆ ಯಾಕೆ ಹೇಳಿದ ಎಂಬುದು ಬ್ರೈನೆಗೆ ಸಾಯುವವರೆಗೆ ತಿಳಿಯಲಿಲ್ಲ. ಕೊಡಲಿ ಹಾಕಿದವನೂ ಅವನೇ, ಸುಣ್ಣ ಎಂದವನೂ ಅವನೇ.

ಲಿಪೋವ್ಕದಲ್ಲಿ ಮೂವತ್ತೊಂದು ಹೆಣ ಸಿಕ್ಕವು. ಕೊಲೆಯಾದವರನ್ನು ತೊಳೆಯುವ ಹಾಗಿಲ್ಲ, ರಕ್ತದ ಬಟ್ಟೆಯಲ್ಲೇ ಮಣ್ಣಿಗಿಡಬೇಕು. ಕಲ್ಮನ್‌ನನ್ನು ಹಾಗೇ ಇಟ್ಟರು, ಮುಂಗವುಸಿನ ಸಮೇತ. ಮಗುವಿನ ಸರದಿ ಬಂದಾಗ ಹೆಣ ತೊಳೆಯುವ ಮುದುಕಿ ಪೆಸ್ಯೆ ಅದನ್ನು ತಿರುವಿ ತಿರುವಿ ನೋಡಿದಳು. ಗಾಯವಿಲ್ಲ, ರಕ್ತವಿಲ್ಲ. ಆಮೇಲೆ ಬ್ರೈನೆಯ ಬಲಗೈಯನ್ನು ನೋಡಿದಳು. ಹೆಬ್ಬೆರಳ ಬುಡದಲ್ಲಿ ಎರಡು ಸಣ್ಣ ಹಲ್ಲಿನ ಗುರುತು.  "ಬಿಸಿನೀರು ತನ್ನಿ," ಎಂದಳು. ಮಗುವನ್ನು ತೊಳೆದರು.

ಮೂವತ್ತು ದಿನದ ದುಃಖ ಮುಗಿದ ಮೇಲೆ ಊರಿನ ಧರ್ಮಗುರು ರಬ್ಬಿ ಅವಳನ್ನು ಕರೆಸಿದರು. ಅವರಿಗೂ ತಲೆಗೆ ಏಟು ಬಿದ್ದಿತ್ತು, ಬಟ್ಟೆ ಸುತ್ತಿಕೊಂಡೇ ಕೂತಿದ್ದರು. ಕಾನೂನು ಬ್ರೈನೆಗೂ ಗೊತ್ತಿತ್ತು, ಊರಿನ ಎಲ್ಲ ಹೆಂಗಸರಿಗೂ ಗೊತ್ತಿತ್ತು. ಮಕ್ಕಳಿಲ್ಲದೆ ಗಂಡ ಸತ್ತರೆ ಹೆಂಡತಿಯನ್ನು ಅವನ ತಮ್ಮ ಮದುವೆಯಾಗಬೇಕು, ಅವಳು ಅವನಿಗೆ ಕಟ್ಟುಬೀಳುತ್ತಾಳೆ. ಆ ಮೈದುನ ಒಲ್ಲೆನೆಂದು ನ್ಯಾಯಗಾರರ ಮುಂದೆ ನಿಂತು, ಅವಳು ಅವನ ಕಾಲಿನ ಮೆಟ್ಟು ಬಿಚ್ಚಿ, ಅವನ ಮುಂದೆ ಉಗುಳುವವರೆಗೆ ಅವಳಿಗೆ ಬೇರೆ ಮದುವೆ ಇಲ್ಲ. ಆದರೆ ಗಂಡ ಸಾಯುವ ಹೊತ್ತಿಗೆ ಮಗು ಬದುಕಿದ್ದರೆ, ಒಂದೇ ಉಸಿರಾದರೂ ಸರಿ, ಕಟ್ಟು ಇಲ್ಲ.

"ತಾಯಿ," ಎಂದರು ರಬ್ಬಿ, "ಯಾರು ಮೊದಲು ಹೋದರು?"

"ಮಗು ಮೊದಲು."

"ಅವಸರ ಮಾಡ್ಬೇಡ. ಪೀಪಾಯಿಯೊಳಗೆ ಕತ್ತಲೆ ಇತ್ತು. ನಿನಗೆ ಪ್ರಜ್ಞೆ ಇತ್ತೋ ಇಲ್ಲವೋ. ಬೇರೆ ಸಾಕ್ಷಿ ಇಲ್ಲ. ಗಂಡ ಮೊದಲು ಹೋದ ಅಂತ ನೀನು ಹೇಳಿದ್ರೆ ನಿನ್ನ ಮಾತೇ ಸಾಕ್ಷಿ, ಕಾನೂನು ನಿನ್ನನ್ನ ನಂಬುತ್ತೆ. ತಿಳೀತಾ? ಇನ್ನೊಂದ್ಸಲ ಕೇಳ್ತೀನಿ. ಯಾರು ಮೊದಲು?"

"ಮಗು ಮೊದಲು, ರಬ್ಬಿ."

ಮೂರನೆಯ ಸಲವೂ ಕೇಳಿದರು. ಮೂರನೆಯ ಸಲವೂ ಅದೇ ಉತ್ತರ. ರಬ್ಬಿ ಕಣ್ಣು ಮುಚ್ಚಿಕೊಂಡರು. "ಹಾಗಾದ್ರೆ ನಿನ್ನ ಕಟ್ಟು ಅಮೆರಿಕದಲ್ಲಿದೆ," ಎಂದರು.

ರಬ್ಬಿ ಝೆಲಿಗ್‌ಗೆ ಮೂರು ಪತ್ರ ಬರೆದರು. ಹತ್ತು ತಿಂಗಳಲ್ಲಿ ಒಂದಕ್ಕೂ ಉತ್ತರ ಬರಲಿಲ್ಲ. ಬ್ರೈನೆಗೆ ಇಪ್ಪತ್ತೈದು ವರ್ಷ. ಸುತ್ತಿಗೆಯ ಸದ್ದು ಕೇಳುವ ಊರಿನಲ್ಲಿ ತಾಯಿಯ ಅಡುಗೆಮನೆಯ ಮೂಲೆಯಲ್ಲಿ ಅವಳು ಎಷ್ಟು ದಿನ ಇರಬೇಕು? ಹನ್ನೊಂದನೆಯ ತಿಂಗಳು ತಾಯಿ ಹೊಸದಾಗಿ ತುಂಬಿಕೊಟ್ಟ ದಿಂಬು ಒಂದನ್ನು ಕಟ್ಟಿಕೊಂಡು ಹೊರಟಳು. ಝೆಲಿಗ್‌ನ ಕಾಲು ಎಲ್ಲಿದೆಯೋ ಅಲ್ಲಿಗೆ.

ಆಸ್ಟ್ರಿಯದ ಗಡಿಯನ್ನು ಬೆಳಗಿನ ಮಂಜಿನಲ್ಲಿ ದಾಟಿಸುವವನೊಬ್ಬ ಸಿಕ್ಕಿದ. ಒಂಬತ್ತು ಜನ, ಜವುಗಿನ ಹುಲ್ಲಿನಲ್ಲಿ ಬಗ್ಗಿಕೊಂಡು ನಡೆಯುತ್ತಿದ್ದರು. ಬ್ರೈನೆಯ ಮುಂದೆ ಎಳೆ ಬಾಣಂತಿ ಒಬ್ಬಳು. ಕಾವಲು ಗುಡಿಸಲಿನ ಹತ್ತಿರ ಬಂದಾಗ ಅವಳ ಮಗು ಅಳಲು ಶುರುಮಾಡಿತು.

"ಅದರ ಬಾಯಿ ಮುಚ್ಚೇ!" ಎಂದು ದಾಟಿಸುವವನು ಹಲ್ಲು ಕಡಿದ.

ಬಾಣಂತಿ ಕೈ ಎತ್ತಿದಳು. ಬ್ರೈನೆ ಹಿಂದಿನಿಂದ ಆ ಮಣಿಕಟ್ಟನ್ನು ಹಿಡಿದು ತಿರುಚಿದಳು. "ಅಳ್ಲಿ."

"ಎಲ್ರೂ ಸಿಕ್ಕಿಬೀಳ್ತೀವಿ, ಹುಚ್ಚಿ!"

"ಸಿಕ್ಕಿಬೀಳೋಣ."

ಸಿಕ್ಕಿಬಿದ್ದರು. ಸಿಪಾಯಿಗಳು ಇಬ್ಬರೇ, ಆದರೆ ಬಂದೂಕಿತ್ತು. ದಾಟಿಸುವವನನ್ನು ಕೆಡವಿ ಮುಖಕ್ಕೆ ಒದ್ದರು, ಅವನ ಒಂದು ಕಣ್ಣು ಊದಿ ಮುಚ್ಚಿಹೋಯಿತು. ಬಾಣಂತಿಗೆ ಅಡ್ಡ ನಿಂತದ್ದಕ್ಕೆ ಬ್ರೈನೆಗೆ ಬಂದೂಕಿನ ಹಿಡಿಯಿಂದ ಪಕ್ಕೆಗೆ ಹೊಡೆದರು. ಮೂರು ಏಟಿಗೆ ಎರಡು ಪಕ್ಕೆಲುಬು ಮುರಿದವು. ಕೊನೆಗೆ ಯಾರೋ ತಂದಿದ್ದ, ಚಹಾ ಕಾಯಿಸುವ ತಾಮ್ರದ ಸಮೋವರ್ ಮತ್ತು ಬ್ರೈನೆಯ ಪುಕ್ಕದ ದಿಂಬು ಕಿತ್ತುಕೊಂಡು, ನಗುತ್ತ ದಾರಿ ಬಿಟ್ಟರು. ಹಡಗಿನಲ್ಲಿ ಹದಿನೇಳು ದಿನ ಬ್ರೈನೆ ಎಡಮಗ್ಗುಲಾಗಿ ಮಲಗಿದಳು, ಬಲಕ್ಕೆ ಹೊರಳಲು ಆಗುತ್ತಿರಲಿಲ್ಲ. ಬಾಣಂತಿಯ ಮಗು ಪಕ್ಕದ ಹಲಗೆಯ ಮೇಲೆ ದಾರಿಯುದ್ದಕ್ಕೂ ಅತ್ತಿತು. ಜನ ಬೈದರು. ಬ್ರೈನೆ ಅದನ್ನು ಕೇಳುತ್ತ ನಿದ್ದೆ ಮಾಡಿದಳು.

ನ್ಯೂಯಾರ್ಕಿನಲ್ಲಿ ಲಿಪೋವ್ಕದವರು ಒಂದೇ ಬೀದಿಯ ಮೂರು ಕಟ್ಟಡಗಳಲ್ಲಿ ತುಂಬಿಕೊಂಡಿದ್ದರು. ಬ್ರೈನೆಗೆ ಷರಾಯಿಗಳ ಅಂಚು ಹೊಲಿಯುವ ಕೆಲಸ ಸಿಕ್ಕಿತು. ನೆಲಮಾಳಿಗೆಯಲ್ಲಿ ರೊಟ್ಟಿ ಸುಡುವ ಯೋಯ್ನೆ ಎಂಬವನಿದ್ದ, ಹೆಂಡತಿ ಸತ್ತು ಎರಡು ವರ್ಷವಾಗಿತ್ತು, ಎರಡು ಪುಟ್ಟ ಹೆಣ್ಣುಮಕ್ಕಳು. ಅವು ಮೆಟ್ಟಿಲ ಮೇಲೆ ಕಾಗೆಗಳ ಹಾಗೆ ಕಿರಿಚುತ್ತಿದ್ದವು. ಬ್ರೈನೆ ಹೊಲಿಗೆ ತೆಗೆದುಕೊಂಡು ಹೋಗಿ ಅವುಗಳ ಪಕ್ಕ ಕೂರುತ್ತಿದ್ದಳು.

"ನಿಮಗೆ ತಲೆನೋವು ಬರಲ್ವಾ?" ಎಂದು ಯೋಯ್ನೆ ಕೇಳಿದ.

"ಇಲ್ಲ."

"ನನಗೆ ಬರುತ್ತೆ. ನಾನು ಅಪ್ಪ, ಆದ್ರೂ ಬರುತ್ತೆ." ಹಿಟ್ಟಿನ ಕೈ ಒರೆಸಿಕೊಂಡ. "ನಿಮ್ಮ ಮೆಟ್ಟಿನ ವಿಚಾರ ಕೇಳಿದೆ. ಅದು ಮುಗಿದ್ರೆ ಒಂದು ಮಾತು ಕೇಳ್ಬೇಕು ಅಂತಿದೀನಿ. ಮುಗಿಯೋವರೆಗೂ ಕೇಳಲ್ಲ."

ಝೆಲಿಗ್ ಹೊಳೆದಂಡೆಯ ಕಸಾಯಿಖಾನೆಯಲ್ಲಿ ಎತ್ತಿನ ತೊಡೆಗಳನ್ನು ಹೊರುತ್ತಿದ್ದ. ಗಡ್ಡ ಬೋಳಿಸಿದ್ದ. ಐದನೆಯ ಮಹಡಿಯ ಕೋಣೆಯಲ್ಲಿ ಒಬ್ಬನೇ ಇದ್ದ, ಕುಡಿಯುತ್ತಿದ್ದ, ಕುಡಿದರೆ ಹೊಡೆದಾಡುತ್ತಿದ್ದ. ರಬ್ಬಿಯ ಮೂರು ಪತ್ರಗಳೂ ಒಡೆಯದೆ ಕಿಟಕಿಯ ಮೇಲಿದ್ದವು, ಸುದ್ದಿಯೆಲ್ಲ ಅವನಿಗೆ ಊರಿನವರ ಬಾಯಿಂದಲೇ ಮುಟ್ಟಿತ್ತು.

ಮೊದಲ ಸಲ ಹೋದಾಗ ಅವನು ನಕ್ಕ. "ಮೆಟ್ಟು ಬಿಚ್ಚೋಕೆ ಸಮುದ್ರ ದಾಟಿ ಬಂದ್ಯಾ ಅತ್ತಿಗೆ? ಇಲ್ಲಿ ಯಾರಿಗೆ ಬೇಕು ಅದು? ಹೋಗು, ಯಾರನ್ನ ಬೇಕಾದ್ರೂ ಮದುವೆ ಆಗು."

"ನನಗೆ ಬೇಕು."

"ಹಾಗಾದ್ರೆ ಇಲ್ಲಿಯ ರಬ್ಬಿಗೆ ಹೇಳು, ಮಗು ಒಂದು ಗಳಿಗೆ ಜಾಸ್ತಿ ಬದುಕಿತ್ತು ಅಂತ. ಇಲ್ಲಿ ಎಲ್ರೂ ವಯಸ್ಸು ಸುಳ್ಳು ಹೇಳ್ತಾರೆ, ಹೆಸರು ಸುಳ್ಳು ಹೇಳ್ತಾರೆ. ನಿಂದೊಂದು ಹೆಚ್ಚಾ?"

"ಮಗು ಮೊದಲು ಹೋಯ್ತು, ಝೆಲಿಗ್."

ಎರಡನೆಯ ಸಲ ಹೋದಾಗ ಬಾಗಿಲು ತೆಗೆಯಲಿಲ್ಲ. ಒಳಗಿನಿಂದಲೇ ಕೂಗಿದ. "ಅಣ್ಣ ಸತ್ತಿದಾನೆ ಅಂತ ಒಪ್ಕೊಂಡು ಕಾಲು ಚಾಚ್ಲಾ? ಚಾಚಲ್ಲ!" ಸೀಸೆಯೊಂದು ಬಾಗಿಲಿಗೆ ಬಡಿದು ಒಡೆಯಿತು. ಗಾಜಿನ ಚೂರುಗಳು ಬಾಗಿಲಡಿಯಿಂದ ಅವಳ ಕಾಲಿನ ಹತ್ತಿರ ಬಂದವು.

ಮೂರನೆಯ ಸಲ ಭಾನುವಾರ ಮಧ್ಯಾಹ್ನ ಹೋದಳು. ಅವನು ಕುಡಿದಿರಲಿಲ್ಲ. ಮುಖ ಊದಿಕೊಂಡಿತ್ತು, ಹಿಂದಿನ ದಿನ ಯಾರ ಜೊತೆಯೋ ಬಡಿದಾಡಿದ್ದ. ಅವಳಿಗೆ ಮುಕ್ಕಾಲಿ ತಳ್ಳಿ, ತಾನು ಹಾಸಿಗೆಯ ಮೇಲೆ ಕೂತ.

"ಒಂದು ಹೇಳು ಅತ್ತಿಗೆ," ಎಂದ. "ಒಂದೇ ಒಂದು. ಹಿಂದಿನ ಬಾಗಿಲಿತ್ತು. ತೋಟ ಇತ್ತು. ಹೊಳೆ ಇತ್ತು. ಆ ಹೊಳೇಲಿ ಅವನಿಗೆ ಈಜು ಕಲಿಸಿದ್ದು ನಾನು. ನಿಮ್ಮನ್ನ ಪೀಪಾಯಿಗೆ ಇಳಿಸಿದ ಮೇಲೆ ಅವನು ಯಾಕೆ ಓಡ್ಲಿಲ್ಲ? ಎರಡು ವರ್ಷದಿಂದ ಇದೊಂದೇ ನನ್ನ ತಲೇಲಿ ಕೊರೀತಾ ಇದೆ. ಇದನ್ನ ಹೇಳು, ಕಾಲು ಚಾಚ್ತೀನಿ."

ಪುಟ್ಟ ಸುಳ್ಳೊಂದು ಸಾಕಿತ್ತು. ಅವರು ಹೆದರಿದರು ಎನ್ನಬಹುದಿತ್ತು, ಹೊತ್ತಿರಲಿಲ್ಲ ಎನ್ನಬಹುದಿತ್ತು. ಬ್ರೈನೆ ಬಲಗೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟಳು.

"ಮಗು ಅಳ್ತಾ ಇತ್ತು. ಅಳು ಕೇಳಬಾರದು ಅಂತ ಅವರು ಬಳೆ ಹೊಡೀತಾ ಇದ್ರು. ಸದ್ದು ನಿಂತ್ರೆ ಮಗುವಿನ ಅಳು ಕೇಳುತ್ತೆ. ಅದಕ್ಕೆ ನಿಂತ್ರು."

ಝೆಲಿಗ್ ಉಸಿರು ಬಿಟ್ಟ. "ನಿಲ್ಲೋಕೆ ಮಾತ್ರ ಬರೋದು ಅವನಿಗೆ," ಎಂದ. ಆಮೇಲೆ ತಲೆ ಎತ್ತಿದ. "ಆದ್ರೆ ಮಗು ಮೊದಲು ಹೋಯ್ತು ಅಂತೀಯ. ಅದು ಹೇಗೆ?"

"ನಾನು ಅದರ ಬಾಯಿ ಮುಚ್ಚಿದೆ. ಈ ಕೈಲಿ. ಏಟಿನ ಸಂದಲ್ಲಿ ಕೇಳುತ್ತೆ ಅಂತ ಹೆದರಿದೆ. ಅದು ನಿಂತುಹೋಯ್ತು. ಅವರಿಗೆ ಗೊತ್ತಾಗ್ಲಿಲ್ಲ. ಆಮೇಲೂ ಹೊಡೀತಾ ಇದ್ರು. ನಾನು ಎಣಿಸಿದೆ."

"ಎಷ್ಟು?"

"ಇಪ್ಪತ್ತಮೂರು."

ಅವನು ಕೇಳದೆ ಇದ್ದದ್ದೂ ಅವಳ ಬಾಯಿಂದ ಬಂತು. "ಕೂಗಲಿಲ್ಲ ನಾನು. ಅವರ ಸುತ್ತಿಗೆಯೇ ಸಾಕಿತ್ತು, ನನ್ನ ಕೈ ಬೇಕಿರ್ಲಿಲ್ಲ. ಕೈ ಬಾಯಿ ಮುಚ್ಚಿದ ಮೇಲೆ ಸುತ್ತಿಗೆ ಬೇಕಿರ್ಲಿಲ್ಲ. ಎರಡರಲ್ಲಿ ಒಂದು ಸಾಕಿತ್ತು, ಝೆಲಿಗ್."

ಝೆಲಿಗ್ ಎದ್ದ. ಎತ್ತಿನ ತೊಡೆ ಹೊರುವ ಕೈಯಿಂದ ಅವಳ ಬಾಯಿಗೆ ಹೊಡೆದ. ಅವಳು ಮುಕ್ಕಾಲಿಯ ಸಮೇತ ಬಿದ್ದಳು. ಬಲಗಾಲಿನಿಂದ ಒಂದು ಸಲ ಒದ್ದ, ಗಡಿಯಲ್ಲಿ ಮುರಿದಿದ್ದ ಪಕ್ಕೆಗೇ. ಇನ್ನೊಂದು ಸಲ ಕಾಲು ಎತ್ತಿದವನು ಅವಳ ಕೈಯನ್ನು ನೋಡಿದ. ಅವಳು ಕೈ ಅಡ್ಡ ಹಿಡಿದಿರಲಿಲ್ಲ. ಅದು ನೆಲದ ಮೇಲೆ ಹಾಗೇ ಅಂಗಾತ ಬಿದ್ದಿತ್ತು, ಹೆಬ್ಬೆರಳ ಬುಡದಲ್ಲಿ ಮಗುವಿನ ಹಲ್ಲಿನ ಎರಡು ಬಿಳಿ ಚುಕ್ಕೆ. ಎತ್ತಿದ ಕಾಲನ್ನು ಗೋಡೆಗೆ ಒದ್ದ. ಗಾರೆ ಉದುರಿತು. ಒದೆಯುತ್ತಲೇ ಇದ್ದ. ಪಕ್ಕದ ಮನೆಯವರು ಗೋಡೆ ಬಡಿದು ಬೈದರು. ಆಮೇಲೆ ಅವನು ನೆಲದ ಮೇಲೆ ಕೂತು ಎತ್ತು ಕೂಗುವ ಹಾಗೆ ಕೂಗಿದ.

ಬ್ರೈನೆ ಬಾಯಿಂದ ಒಂದು ಹಲ್ಲು ತೆಗೆದು ಕರವಸ್ತ್ರದಲ್ಲಿ ಕಟ್ಟಿದಳು. ಅವಳಿಗೆ ನೋವಿಗಿಂತ ಹೆಚ್ಚಾಗಿ ಹಗುರವಾಗಿತ್ತು. ಎರಡು ವರ್ಷದಲ್ಲಿ ಇದನ್ನು ಕೇಳಿ ಅವಳಿಗೆ ಹೊಡೆದವನು ಇವನೊಬ್ಬನೇ.

"ಯಾವತ್ತು?" ಎಂದು ಕೇಳಿದ ಝೆಲಿಗ್, ಮುಖ ಒರೆಸಿಕೊಂಡು.

"ಮಂಗಳವಾರ ಬೆಳಿಗ್ಗೆ."

"ಬರ್ತೀನಿ."

ಮಂಗಳವಾರ ಪ್ರಾರ್ಥನೆಯ ಮನೆಯಲ್ಲಿ ಐದು ಜನ ಕೂತಿದ್ದರು, ಮೂವರು ನ್ಯಾಯಗಾರರು, ಇಬ್ಬರು ಜೊತೆಗಾರರು. ಹಿರಿಯ ನ್ಯಾಯಗಾರರಿಗೆ ಎಂಬತ್ತು ದಾಟಿತ್ತು, ಕಿವಿ ಮಂದ. ಗೋಡೆಯ ಹತ್ತಿರ ಯೋಯ್ನೆ ಟೊಪ್ಪಿ ಹಿಚುಕುತ್ತ ನಿಂತಿದ್ದ. ಬ್ರೈನೆ ಶಾಸ್ತ್ರದಂತೆ ಉಪವಾಸವಿದ್ದಳು. ತುಟಿ ಊದಿತ್ತು.

"ಏನಾಯ್ತಮ್ಮ ಮುಖಕ್ಕೆ?" ಎಂದರು ಹಿರಿಯರು.

"ಬಿದ್ದೆ," ಎಂದಳು ಬ್ರೈನೆ. ಅವಳು ಹೇಳಿದ ಸುಳ್ಳು ಅದೊಂದೇ.

"ನಾನು ಹೊಡೆದೆ," ಎಂದ ಝೆಲಿಗ್ ಜೋರಾಗಿ, ಎಲ್ಲರಿಗೂ ಕೇಳುವ ಹಾಗೆ. ಯೋಯ್ನೆ ಒಂದು ಹೆಜ್ಜೆ ಮುಂದೆ ಬಂದ. ಬ್ರೈನೆ ಅವನತ್ತ ತಲೆ ಅಲ್ಲಾಡಿಸಿದಳು. ಅವನು ನಿಂತ.

ಅದಕ್ಕೆಂದೇ ಇಟ್ಟ ಚರ್ಮದ ಮೆಟ್ಟು ಒಂದಿತ್ತು, ಮೊಳೆ ಇಲ್ಲದ್ದು, ಉದ್ದ ಬಾರುಗಳದ್ದು. ಅದನ್ನು ಝೆಲಿಗ್‌ನ ಬಲಗಾಲಿಗೆ ತೊಡಿಸಿ ಬಾರು ಸುತ್ತಿ ಗಂಟು ಹಾಕಿದರು. ಬ್ರೈನೆಗೆ ಹೀಬ್ರೂ ಓದಲು ಬಾರದು. ಹಿರಿಯರು ಒಂದೊಂದೇ ಶಬ್ದ ಹೇಳಿಕೊಟ್ಟರು. "ಒಂದು ಕಡೆ ಹುಷಾರಮ್ಮ. ಮೈದುನ ಒಲ್ಲೆ ಅಂದ ಅನ್ನೋ ಮಾತನ್ನ ಒಂದೇ ಉಸಿರಲ್ಲಿ ಹೇಳ್ಬೇಕು. ನಡುವೆ ಉಸಿರು ತಗೊಂಡ್ರೆ ಅರ್ಥ ತಿರುಗಿ, ಒಪ್ಪಿದ ಅಂತ ಆಗಿಬಿಡುತ್ತೆ." ಒದೆ ತಿಂದ ಪಕ್ಕೆಯಿಂದ ಅವಳಿಗೆ ಉಸಿರು ನಿಲ್ಲುತ್ತಿರಲಿಲ್ಲ. ಎರಡು ಸಲ ಮುರಿಯಿತು. ಮೂರನೆಯ ಸಲ ಹಲ್ಲು ಕಚ್ಚಿ ಒಂದೇ ಉಸಿರಿಗೆ ಹೇಳಿದಳು.

ಝೆಲಿಗ್ ಗೋಡೆಗೆ ಒರಗಿ ಕಾಲನ್ನು ನೆಲಕ್ಕೆ ಒತ್ತಿ ನಿಂತ. ಬ್ರೈನೆ ಮಂಡಿಯೂರಿದಳು.

"ಎಡಗೈಲಿ ಕಾಲು ಹಿಡಿ," ಎಂದರು ಹಿರಿಯರು. "ಬಿಚ್ಚೋದು ಬಲಗೈಲಿ. ಬಲಗೈ ಮಾತ್ರ."

ಅವಳು ತನ್ನ ಬಲಗೈಯನ್ನು ನೋಡಿದಳು. ಅವಳಿಗೆ ಇದು ಗೊತ್ತಿರಲಿಲ್ಲ. ಊರಿನಲ್ಲಿ ಎಲ್ಲ ಹೆಂಗಸರೂ ಮೆಟ್ಟಿನ ಮಾತಾಡುತ್ತಿದ್ದರು, ಕೈಯ ಮಾತನ್ನು ಯಾರೂ ಆಡಿರಲಿಲ್ಲ. ಬೆರಳು ಗಂಟಿನ ಮೇಲೆ ಜಾರಿತು. ಇನ್ನೊಂದು ಸಲ ಜಾರಿತು. ಮೇಲಿನಿಂದ ಝೆಲಿಗ್ ಮೆಲ್ಲಗೆ, ಅವಳಿಗೊಬ್ಬಳಿಗೇ ಕೇಳುವಷ್ಟು, "ಎಣಿಸು ಅತ್ತಿಗೆ," ಎಂದ.

ಅವಳು ಎಣಿಸಲು ಶುರುಮಾಡಿದಳು. ಒಂಬತ್ತಕ್ಕೆ ಮೊದಲ ಗಂಟು ಬಿಟ್ಟಿತು. ಹದಿನಾಲ್ಕಕ್ಕೆ ಎರಡನೆಯದು. ಇಪ್ಪತ್ತಕ್ಕೆ ಬಾರು ಸಡಿಲವಾಗಿ, ಹಿಮ್ಮಡಿ ಎತ್ತಿ ಮೆಟ್ಟನ್ನು ಎಳೆದು ದೂರ ಎಸೆದಳು. ಅದು ನೆಲಕ್ಕೆ ಬಡಿದ ಸದ್ದಿಗೆ ಕಿವುಡು ಹಿರಿಯರೂ ತಲೆ ಎತ್ತಿದರು.

ಈಗ ಉಗುಳಬೇಕು. ನ್ಯಾಯಗಾರರು ಕಣ್ಣಾರೆ ನೋಡಬೇಕು. ಬಾಯಿ ಒಣಗಿತ್ತು. ಹಲ್ಲು ಹೋದ ಸಂದನ್ನು ನಾಲಿಗೆಯಿಂದ ಚೀಪಿ ಝೆಲಿಗ್‌ನ ಮುಂದೆ ನೆಲಕ್ಕೆ ಉಗುಳಿದಳು. ಕೆಂಪಾಗಿ ಬಿತ್ತು.

"ಇದು ರಕ್ತ," ಎಂದ ಕಿರಿಯ ನ್ಯಾಯಗಾರ. "ಉಗುಳಲ್ಲ. ಆಗಲಿಲ್ಲ ಅನ್ಸುತ್ತೆ."

 ಹಿರಿಯರು ಎದ್ದು, ಕೋಲೂರಿಕೊಂಡು ಬಂದು, ಬಗ್ಗಿ, ಆ ಕೆಂಪು ಕಲೆಯನ್ನು ಬಹಳ ಹೊತ್ತು ನೋಡಿದರು.

"ತಾನಾಗಿ ಸುರಿದದ್ದೋ, ಚೀಪಿದ್ದೋ?"

"ಚೀಪಿದ್ದು," ಎಂದಳು ಬ್ರೈನೆ.

"ಚೀಪಿದ ರಕ್ತದಲ್ಲಿ ಉಗುಳಿನ ಒಂದು ಎಳೆಯಾದ್ರೂ ಇದ್ದೇ ಇರುತ್ತೆ. ಹಿಂದಿನೋರು ಇದನ್ನ ತೀರ್ಮಾನ ಮಾಡಿಟ್ಟಿದಾರೆ. ಸರಿಯಾಯ್ತು."

ಅತ್ತಿಗೆಯನ್ನು ಮದುವೆಯಾಗಿ ಅಣ್ಣನ ಮನೆ ಕಟ್ಟದವನಿಗೆ ಹೇಳಬೇಕಾದ ಮಾತನ್ನು ಅವಳ ಬಾಯಿಂದ ಹೇಳಿಸಿದರು. ಆಮೇಲೆ ಐವರೂ ಸೇರಿ, ಮೆಟ್ಟು ಕಳಚಿಸಿಕೊಂಡವನು ಎಂದು ಮೂರು ಸಲ ಕೂಗಿದರು. ಝೆಲಿಗ್ ಬರಿಗಾಲಲ್ಲಿ ನಿಂತು ಮೂರು ಸಲವೂ ಕೇಳಿಸಿಕೊಂಡ. ಮುಗಿದ ಮೇಲೆ ಸತ್ತವರಿಗೆ ಹೇಳುವ ಪ್ರಾರ್ಥನೆಯನ್ನು, ಎರಡು ವರ್ಷದಿಂದ ಹೇಳದೆ ಇದ್ದದ್ದನ್ನು, ತಪ್ಪು ತಪ್ಪಾಗಿ ಹೇಳಿದ. ಅದಕ್ಕೆ ಹತ್ತು ಗಂಡಸರು ಬೇಕು, ಅಲ್ಲಿದ್ದವರು ಏಳೇ ಜನ. ಯೋಯ್ನೆ ಬೀದಿಗೆ ಹೋಗಿ ಮೂವರನ್ನು ತೋಳು ಹಿಡಿದು ಎಳೆದುಕೊಂಡು ಬಂದ.

ಮೂರು ತಿಂಗಳ ಮೇಲೆ ಯೋಯ್ನೆ ತಾನು ತಡೆದಿಟ್ಟಿದ್ದ ಮಾತು ಕೇಳಿದ. ಬ್ರೈನೆ ಒಪ್ಪುವ ಮೊದಲು ಬಲಗೈ ತೋರಿಸಿ ಎಲ್ಲವನ್ನೂ ಹೇಳಿದಳು. ಯೋಯ್ನೆ ಹೊಡೆಯಲೂ ಇಲ್ಲ, ಅಳಲೂ ಇಲ್ಲ. "ಹುಡುಗೀರಿಗೆ ಜಡೆ ಹಾಕೋಕೆ ನನಗೆ ಬರಲ್ಲ," ಎಂದ. ಅದೇ ಅವನ ಉತ್ತರ.

ಅವಳಿಗೆ ಆಮೇಲೆ ನಾಲ್ಕು ಮಕ್ಕಳಾದವು. ಪೀಪಾಯಿಯ ಉಪ್ಪಿನಕಾಯಿಯನ್ನು ಅವಳ ಮನೆಗೆ ತರುವ ಹಾಗಿರಲಿಲ್ಲ, ಗಾಜಿನ ಭರಣಿಯದನ್ನೇ ತರಬೇಕಿತ್ತು. ಶರತ್ಕಾಲದಲ್ಲಿ ವರ್ಷಕ್ಕೊಂದು ಸಲ ಎರಡು ಮೇಣದ ದೀಪ ಹಚ್ಚುತ್ತಿದ್ದರು. ಆ ಸಂಜೆ ಝೆಲಿಗ್ ತಪ್ಪದೆ ಬರುತ್ತಿದ್ದ, ಕುಡಿಯದೆ. ಮೊದಲ ದೀಪವನ್ನು, ಮಗುವಿನದನ್ನು, ಬ್ರೈನೆ ಬಲಗೈಯಲ್ಲಿ ಹಚ್ಚುತ್ತಿದ್ದಳು. ಹಚ್ಚಿ ಕೈ ಕೆಳಗಿಟ್ಟು, ತುಟಿ ಅಲ್ಲಾಡಿಸದೆ ಎಣಿಸುತ್ತಿದ್ದಳು. ಮಕ್ಕಳು ಮೇಜಿನ ಕೆಳಗೆ ಕಿರಿಚುತ್ತಿದ್ದರೆ ಅವರನ್ನು ಯಾರೂ ಸುಮ್ಮನಿರಿಸುತ್ತಿರಲಿಲ್ಲ. ಝೆಲಿಗ್ ಕಡ್ಡಿಪೆಟ್ಟಿಗೆ ಹಿಡಿದು ಅವಳ ಮುಖ ನೋಡುತ್ತ ಕಾಯುತ್ತಿದ್ದ. ಅವಳು ತಲೆಯಾಡಿಸಿದ ಮೇಲೆ ಕಡ್ಡಿ ಗೀರಿ ಅಣ್ಣನ ದೀಪ ಹಚ್ಚುತ್ತಿದ್ದ.